ಸಾರಿನ ಪುಡಿಯ ಟಿಪ್ಪಣಿ

ನಮ್ಮ ಸಂಘದ ಪತ್ರಿಕೆಯಲ್ಲಿ ಅಡಿಗೆಯ ಪುಟವನ್ನು ತುಂಬಿಸುವವರು ಸಾಮಾನ್ಯವಾಗಿ ಮಹಿಳೆಯರು. ಅದರಲ್ಲಿ ಗಂಡಸೊಬ್ಬ, ಅದೂ ಸರಕಾರಿ ಕಚೇರಿಯ ಗುಮಾಸ್ತ, ತಲೆ ಹಾಕುವುದು ಅಧಿಕಪ್ರಸಂಗವೆಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಒಂದು ಮಾತು: ವಿಷಯ ಅಡಿಗೆಯದಾದರೂ ಇಲ್ಲಿ ನಡೆದ ಕೆಲಸ ಗುಮಾಸ್ತನದೇ. ಬಾಯಿಮಾತಿನಲ್ಲಿ ಇದ್ದದ್ದನ್ನು ಕಾಗದಕ್ಕೆ ಇಳಿಸುವುದು, ಇಳಿಸಿದ್ದನ್ನು ಮೇಲಿನವರಿಂದ ತಿದ್ದಿಸಿಕೊಂಡು ಬರುವುದು, ತಿದ್ದಿದ್ದನ್ನು ಮತ್ತೆ ನಕಲು ಮಾಡುವುದು, ಹದಿಮೂರು ವರ್ಷಗಳಿಂದ ನಾನು ಮಾಡುತ್ತಿರುವುದು ಇದನ್ನೇ. ಬಿ.ಎ. ಪದವಿ ಇದಕ್ಕೆ ಧಾರಾಳವಾಗಿ ಸಾಕು.

ನಮ್ಮದು ಮೈಸೂರು. ಕೆಲಸ ಸಿಕ್ಕಿ ನಾನು ದಿಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮ ಮನೆಯ ಸಾರಿನ ಪುಡಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ ನನ್ನನ್ನು ಹಿಂಬಾಲಿಸುತ್ತಿತ್ತು. ಊರಿನಿಂದ ಯಾರು ಬಂದರೂ ಅವರ ಪೆಟ್ಟಿಗೆಯಲ್ಲಿ ಒಂದು ಡಬ್ಬಿ; ಡಬ್ಬಿಯ ಬಾಯಿಗೆ ಬಟ್ಟೆ; ಬಟ್ಟೆಯ ಮೇಲೆ ದಾರ. ಇಷ್ಟಾದರೂ ತಂದವರ ಬಟ್ಟೆಬರೆಯೆಲ್ಲ ಒಂದು ವಾರ ಘಮಘಮಿಸುತ್ತಿತ್ತಂತೆ. ಅದನ್ನು ಕೆಲವರು ಹೊಗಳಿಕೆಯಾಗಿ ಹೇಳುತ್ತಿದ್ದರು, ಕೆಲವರು ಹಾಗಲ್ಲ. ತಂದೆಯವರು ತೀರಿಕೊಂಡ ಮೇಲೆ, 2018ರಲ್ಲಿ, ತಾಯಿಯವರೇ ಬಂದರು. ರಾಮಕೃಷ್ಣಪುರದ ನಮ್ಮ ಎರಡು ಕೋಣೆಯ ಸರಕಾರಿ ಮನೆಗೆ ಅವರು ಹೊತ್ತು ತಂದ ಸಾಮಾನಿನಲ್ಲಿ ಹಿತ್ತಾಳೆಯ ಪಾವೂ ಕಬ್ಬಿಣದ ಬಾಣಲೆಯೂ ಇದ್ದವು. "ಬಾಣಲೆ ಇಲ್ಲಿ ಸಿಗೋದಿಲ್ಲವೇನಮ್ಮ?" ಎಂದೆ. "ಸಿಗುತ್ತೆ ಕಣೋ, ಅದಕ್ಕೆ ಇನ್ನೂ ಬುದ್ಧಿ ಬಂದಿರೋದಿಲ್ಲ" ಎಂದರು.

ದಿಲ್ಲಿಯಲ್ಲಿ ನಮ್ಮ ಹುಳಿ, ಸಾರು, ಗೊಜ್ಜು, ಎಲ್ಲಕ್ಕೂ ಸೇರಿ ಸಾಂಬಾರ್ ಎಂಬ ಒಂದೇ ಹೆಸರು. ನಮ್ಮ ಕಚೇರಿಯ ಸ್ನೇಹಿತರೊಬ್ಬರು ನನ್ನ ಡಬ್ಬಿಯ ಸಾರನ್ನು ಸವಿದು, ಇವತ್ತು ಸಾಂಬಾರು ತೆಳ್ಳಗಾಗಿದೆಯಲ್ಲ ಎಂದು ಸಹಾನುಭೂತಿ ತೋರಿಸಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳಬಹುದು. ಹುಳಿಗೆ ತರಕಾರಿಯ ಆಸರೆಯುಂಟು, ಕಾಯಿತುರಿಯ ಆಸರೆಯುಂಟು. ಸಾರಿಗೆ ಇರುವುದು ಬೇಳೆಯ ಕಟ್ಟು, ಹುಣಿಸೆಯ ನೀರು, ಒಂದು ಒಗ್ಗರಣೆ. ಪುಡಿ ಕೆಟ್ಟರೆ ಅದನ್ನು ಮರೆಮಾಡುವುದಕ್ಕೆ ಅಲ್ಲಿ ಏನೂ ಇಲ್ಲ.

ತಾಯಿಯವರ ಪುಡಿಗೆ ಅಳತೆಯಿತ್ತು, ಆದರೆ ಅದು ಅರ್ಧ ಅಳತೆ. ಕೊತ್ತಂಬರಿ ಬೀಜ, ಜೀರಿಗೆ ಪಾವಿನಲ್ಲಿ, ಮೆಂತ್ಯ, ಸಾಸಿವೆ ಅಂಗೈಯ ಗುಳಿಯಲ್ಲಿ, ಮೆಣಸಿನಕಾಯಿ ಕಣ್ಣಂದಾಜಿನಲ್ಲಿ. ಉಳಿದರ್ಧವೆಲ್ಲ ಮೂಗು. ಎಷ್ಟು ಹೊತ್ತು ಹುರಿಯಬೇಕು ಎಂದು ನನ್ನ ಹೆಂಡತಿ ಕೇಳಿದಾಗಲೆಲ್ಲ, "ಘಮ್ ಅನ್ನೋವರೆಗೆ" ಎಂಬ ಒಂದೇ ಉತ್ತರ. ಒಲೆಯ ಮುಂದೆ ನಿಲ್ಲಬೇಕಾದ ಅಗತ್ಯವೂ ಅವರಿಗೆ ಇರಲಿಲ್ಲ. ಹೊರಗೆ ಕುಳಿತು ಪತ್ರಿಕೆ ಓದುತ್ತಲೇ "ಜೀರಿಗೆ ಸಾಕು, ಇಳಿಸಮ್ಮ" ಎಂದು ಕೂಗುತ್ತಿದ್ದರು.

2021ರ ಏಪ್ರಿಲ್ ಕೊನೆಯಲ್ಲಿ ನಮ್ಮ ಮನೆಯ ನಾಲ್ವರಿಗೂ ಕೊರೋನಾ ಜ್ವರ ಬಂತು. ದಿಲ್ಲಿಯಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಜನ ಹಗಲೂ ರಾತ್ರಿ ಸಾಲು ನಿಂತ ದಿನಗಳು ಅವು. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಎಲ್ಲರೂ ಎದ್ದು ಕುಳಿತೆವು. ಆ ತಿಂಗಳಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುತ್ತಿರಲಿಲ್ಲ. ನನಗೂ ಹೆಂಡತಿಗೂ ಹೋಗಿದ್ದ ವಾಸನೆ ಮೂರು ವಾರಗಳಲ್ಲಿ ಮರಳಿತು. ತಾಯಿಯವರಿಗೆ ಮರಳಲಿಲ್ಲ. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು ಆ ವೈರಸ್ಸು ಕೆಡಿಸುತ್ತದೆಯಂತೆ. ಬಹುಮಂದಿಗೆ ಬೇಗ ಸರಿಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುತ್ತದೆ.

ಅವರು ಇದನ್ನು ನಮಗೆ ಹೇಳಿಯೇ ಇರಲಿಲ್ಲ. ಒಂದು ಸಂಜೆ ಒಲೆಯ ಮೇಲಿನ ಹಾಲು ಉಕ್ಕಿ, ತಳ ಹತ್ತಿ, ಮನೆಯೆಲ್ಲ ಕಮಟು ಹರಡಿದಾಗ, ಎರಡು ಮಾರು ದೂರದಲ್ಲಿ ಹುರುಳಿಕಾಯಿ ಸೋಸುತ್ತಿದ್ದ ತಾಯಿಯವರು ತಲೆಯೆತ್ತಲಿಲ್ಲ. ನಮಗೆ ತಿಳಿದದ್ದು ಆಗ.

ಆಗಸ್ಟಿನಲ್ಲಿ ಪುಡಿಯ ಡಬ್ಬಿ ಬರಿದಾಯಿತು. "ಅಂಗಡಿ ಪುಡಿ ತಂದುಬಿಡಪ್ಪ, ಇನ್ನು ನನ್ನ ಕೈಲಿ ಆಗೋದಿಲ್ಲ" ಎಂದರು. ತಂದೆ. ಅಂಗಡಿಯ ಪುಡಿ ಕೆಟ್ಟದ್ದೇನೂ ಅಲ್ಲ. ಅದರಿಂದ ಲಕ್ಷಾಂತರ ಮಂದಿ ಸುಖವಾಗಿ ಊಟ ಮಾಡುತ್ತಾರೆ. ಅದರ ಸಾರನ್ನು ಹೆಂಡತಿ ಬಡಿಸಿದಾಗ ತಾಯಿಯವರು "ಚೆನ್ನಾಗಿದೆ" ಎಂದರು. ಅಷ್ಟು ಸುಲಭವಾಗಿ ಅವರ ಬಾಯಿಂದ ಬರುವ ಮಾತಲ್ಲ ಅದು. ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತವೆಯೇ ಹೊರತು ಕೊತ್ತಂಬರಿಯೂ ಇಂಗೂ ಮೂಗಿನ ಮೂಲಕವೇ ತಿಳಿಯಬೇಕು. ಅವರಿಗೆ ಯಾವ ಸಾರಾದರೂ ಒಂದೇ ಆಗಿತ್ತು. ಕ್ರಮೇಣ ಅಡಿಗೆಮನೆಗೆ ಬರುವುದನ್ನೇ ಬಿಟ್ಟರು. ಬಾಲ್ಕನಿಯಲ್ಲಿ ಕುಳಿತು ಎದುರು ಕಟ್ಟಡದ ಕೋತಿಗಳನ್ನು ನೋಡುತ್ತಿದ್ದರು. ಮನೆಯಲ್ಲಿ ಅತಿಥಿಯೊಬ್ಬರು ಬಂದು ಉಳಿದಂತಿತ್ತು. ನನ್ನ ಹೆಂಡತಿಗೆ ಇದು ನನಗಿಂತ ಹೆಚ್ಚು ಕಷ್ಟವಾಯಿತು. "ಅತ್ತೆ ನನ್ನ ಅಡಿಗೇಲಿ ತಪ್ಪು ಹುಡುಕಿ ಆರು ತಿಂಗಳಾಯ್ತು" ಎಂದು ಒಂದು ರಾತ್ರಿ ಕಣ್ಣೊರೆಸಿಕೊಂಡಳು. ಸೊಸೆಯಂದಿರಲ್ಲಿ ಇಂಥ ದೂರನ್ನು ಕೇಳಿದವರು ವಿರಳವೆಂದು ತೋರುತ್ತದೆ.

2022ರ ಮಾರ್ಚಿಯಲ್ಲಿ ನಾನು ಒಂದು ಸಣ್ಣ ತೂಕದ ಯಂತ್ರವನ್ನು ಕೊಂಡುತಂದೆ. "ತೂಗಿ ಸಾರು ಮಾಡೋರುಂಟೆ? ಇದೇನು ಚಿನ್ನವೇ?" ಎಂದರು ತಾಯಿ. ನೀವು ಪಾವಿನಲ್ಲೇ ಅಳೆಯಿರಿ, ನಾನು ಪಕ್ಕದಲ್ಲಿ ತೂಗಿ ಬರೆದುಕೊಳ್ಳುತ್ತೇನೆ ಎಂದು ರಾಜಿಯಾಯಿತು. ಹೀಗೆ ಅಳೆಯುವಾಗ ಗೊತ್ತಾದದ್ದೇನೆಂದರೆ, ನಮ್ಮ ಪಾವಿನಲ್ಲಿ ಅಕ್ಕಿ ಇನ್ನೂರು ಗ್ರಾಮಿನಷ್ಟು ತೂಗಿದರೆ ಅದೇ ಪಾವಿನ ಕೊತ್ತಂಬರಿ ಬೀಜ ಎಂಬತ್ತು ಗ್ರಾಮು ಮಾತ್ರ. ಪಾವು ಎಂದರೆ ಇಷ್ಟು ಗ್ರಾಮು ಎಂದು ಒಂದೇ ಲೆಕ್ಕ ಹಿಡಿದು ಊರಿನ ಅಳತೆಗಳನ್ನು ಪರಿವರ್ತಿಸುವವರು ಇದನ್ನು ದಯವಿಟ್ಟು ಗಮನಿಸಬೇಕು.

ನಮ್ಮ ಲೆಕ್ಕ ಹೀಗೆ ಬಂತು. ಕೊತ್ತಂಬರಿ ಬೀಜ 3 ಪಾವು, ಅಂದರೆ 240 ಗ್ರಾಂ. ಬ್ಯಾಡಗಿ ಮೆಣಸಿನಕಾಯಿ 150, ಗುಂಟೂರು 50. ಜೀರಿಗೆ 50, ಕರಿಮೆಣಸು 30, ಮೆಂತ್ಯ 20, ಸಾಸಿವೆ 10. ಎರಡು ಹಿಡಿ ಕರಿಬೇವು, ಒಂದು ಚಮಚ ಅರಿಸಿನ, ಗಟ್ಟಿ ಇಂಗಿನ ಒಂದು ಚೂರು. ನಾಲ್ಕು ಜನರ ಮನೆಗೆ ಮೂರು ತಿಂಗಳು ಬರುತ್ತದೆ. ನಮ್ಮ ಪತ್ರಿಕೆಯಂತೆ ಇದೂ ತ್ರೈಮಾಸಿಕ. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತು, 2011ರಲ್ಲಿ ಭೌಗೋಳಿಕ ಸೂಚಕವನ್ನೂ ಪಡೆದ ಈ ಬ್ಯಾಡಗಿ ಐ.ಎನ್.ಎ. ಮಾರುಕಟ್ಟೆಯ ದಕ್ಷಿಣದ ಅಂಗಡಿಗಳಲ್ಲಿ ದೊರೆಯುತ್ತದೆ. ಸಿಪ್ಪೆ ಸುಕ್ಕುಸುಕ್ಕಾಗಿದ್ದರೆ ಕೊಳ್ಳಿ.

ತೂಕ ಮುಗಿಯಿತು; ಹುರಿಯುವುದು? "ಘಮ್ ಅನ್ನೋದು ಇನ್ನು ನನಗೆಲ್ಲಿ ಗೊತ್ತಾಗಬೇಕು?" ಎಂದು ತಾಯಿಯವರು ಬಾಣಲೆಯನ್ನು ಮುಟ್ಟದೆ ಕುಳಿತರು. ನನ್ನ ಮಗಳಿಗೆ ಆಗ ಏಳು ವರ್ಷ. "ಅಜ್ಜಿ, ನಾನು ಮೂಸಿ ಹೇಳ್ತೀನಿ" ಎಂದು ಮುಂದೆ ಬಂದಳು. ಮೊದಲು ಮೆಂತ್ಯ, ಸಣ್ಣ ಉರಿಯಲ್ಲಿ. "ಬಂತೇನೇ?" ಎಂದರು ಅಜ್ಜಿ. "ಏನು ಬರಬೇಕು ಅಜ್ಜಿ?" ಎಂದಳು ಮಗು. ನ್ಯಾಯವಾದ ಪ್ರಶ್ನೆ! ಯಾವ ವಾಸನೆ ಬರಬೇಕೆಂದು ಆ ಮಗುವಿಗೆ ಯಾರು ಹೇಳಿದ್ದರು? ವಿಧಿಯಿಲ್ಲದೆ ತಾಯಿಯವರು ಎದ್ದು ಬಂದು ಬಾಣಲೆಯೊಳಗೆ ಬಗ್ಗಿ ನೋಡಿದರು. "ಇನ್ನೂ ಹಳದಿ ಇದೆ. ಇಟ್ಟಿಗೆ ಬಣ್ಣ ಬರಲಿ. ಕಪ್ಪಾದರೆ ಇಡೀ ಪುಡಿ ಕಹಿ." ನಾನು ಬರೆದುಕೊಂಡೆ.

ಅಲ್ಲಿಂದ ಮುಂದೆ ನಡೆದದ್ದು ನಮಗೆಲ್ಲ ಆಶ್ಚರ್ಯ; ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ. ಐವತ್ತು ವರ್ಷ ಮೂಗಿನಿಂದಲೇ ಹುರಿದೆನೆಂದು ತಿಳಿದಿದ್ದವರ ಕಣ್ಣು, ಕಿವಿ, ಬೆರಳು ಆ ಐವತ್ತು ವರ್ಷವೂ ಸುಮ್ಮನೆ ಕುಳಿತಿರಲಿಲ್ಲ. ಸಾಸಿವೆ ಚಟಪಟ ನಿಲ್ಲಿಸಿದರೆ ಆಯಿತು. ಕರಿಮೆಣಸು ಒಂದೆರಡು ಸಿಡಿದರೆ ಸಾಕು. ಜೀರಿಗೆಗೆ ಬಿಸಿ ತಾಗಿದರೆ ಸಾಕು, ಬಣ್ಣ ಬದಲಾಗುವ ತನಕ ಕಾಯಬಾರದು. ಕರಿಬೇವು ಹಪ್ಪಳದಂತೆ ಮುರಿಯಬೇಕು. ಇಂಗು ಒಂದು ತೊಟ್ಟು ತುಪ್ಪದಲ್ಲಿ ಉಬ್ಬಿ ಹಗುರಾಗಬೇಕು. ಕೊತ್ತಂಬರಿ ಹಾಕಿದಾಗ ಅವರು ಒಲೆಗೆ ಬೆನ್ನು ಮಾಡಿ ನಿಂತರು. ಸೌಟಿನ ಸದ್ದು ಮೊದಲು ಮಂದವಾಗಿತ್ತು. ಬೀಜದ ತೇವ ಆರುತ್ತ ಬಂದಂತೆ ಅದು ಗಲಗಲವೆಂದಿತು. "ಇಳಿಸು" ಎಂದು ಅಜ್ಜಿ ಹೇಳಿದ್ದಕ್ಕೂ, "ಅಜ್ಜಿ, ಈಗ ಬಂತು!" ಎಂದು ಮೊಮ್ಮಗಳು ಕೂಗಿದ್ದಕ್ಕೂ ನಡುವೆ ಒಂದು ಕ್ಷಣವೂ ಇರಲಿಲ್ಲ.

ಕೊನೆಗೆ ಮೆಣಸಿನಕಾಯಿ. ಅದಕ್ಕೆ ನಾಲ್ಕು ಹನಿ ಹರಳೆಣ್ಣೆ ಸವರಿ ಹುರಿಯುವುದು ನಮ್ಮ ಕಡೆಯ ಪದ್ಧತಿ, ಘಾಟು ಕಡಿಮೆಯಾಗುತ್ತದೆ. ಆದರೂ ಸ್ವಲ್ಪ ಎದ್ದಿತು, ತಾಯಿಯವರು ಸೀನಿದರು. ಒಂದಲ್ಲ, ನಾಲ್ಕು. ಘಾಟು ಹಿಡಿಯುವ ನರವೇ ಬೇರೆ, ವಾಸನೆ ಹಿಡಿಯುವ ನರವೇ ಬೇರೆ ಎಂದು ನಾನು ಓದಿದ್ದನ್ನು ಹೇಳಹೋದೆ, ಯಾರೂ ಕೇಳಲಿಲ್ಲ. ಒಂದು ವರ್ಷದ ಮೇಲೆ ಅವರ ಮೂಗು ಒಂದು ಕೆಲಸ ಮಾಡಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಪುಡಿ ಮಾಡುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹುರಿದದ್ದು ಪೂರ್ತಿ ಆರಬೇಕು. ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ತಿರುವಿ, ಜರಡಿ ಹಿಡಿದು, ಅರಿಸಿನ ಬೆರೆಸಿ, ಪತ್ರಿಕೆಯ ಮೇಲೆ ಹರಡಿ, ತಣ್ಣಗಾದ ಮೇಲೆಯೇ ಡಬ್ಬಿಯ ಮುಚ್ಚಳ ಹಾಕಬೇಕು.

ಸಾರಿಗೆ: ನಾಲ್ವರಿಗೆ ಮುಕ್ಕಾಲು ಹಿಡಿ ಕಡಿಮೆ ಅರ್ಧ ಪಾವು ತೊಗರಿಬೇಳೆ ಎಂದು ತಾಯಿಯವರ ಬಾಯಲ್ಲಿ ಇದ್ದದ್ದು ತೂಗಿದರೆ 75 ಗ್ರಾಂ ಆಯಿತು. ದಿಲ್ಲಿಯಲ್ಲಿ ಬೋರಿನ ಗಡಸು ನೀರು ಬರುವ ಕಡೆ ಬೇಳೆ ಹಟ ಹಿಡಿಯುತ್ತದೆ; ಅರ್ಧ ಗಂಟೆ ನೆನೆಸಿ, ಕುಡಿಯುವ ನೀರಿನಲ್ಲೇ ಬೇಯಿಸಿ. ಸಣ್ಣ ನಿಂಬೆಗಾತ್ರದ ಹುಣಿಸೆಯ ರಸಕ್ಕೆ ಎರಡು ಚಮಚ ಪುಡಿ, ಉಪ್ಪು, ಅಡಿಕೆಯಷ್ಟು ಬೆಲ್ಲ, ಒಂದೆಸಳು ಕರಿಬೇವು. ಹಸಿವಾಸನೆ ಹೋಗುವವರೆಗೆ ಕುದಿಸಬೇಕು ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಟಿಪ್ಪಣಿಯಲ್ಲಿ, ಮೇಲಿನ ನೊರೆ ಅಡಗಿ, ಪಾತ್ರೆಯ ಅಂಚಿನಲ್ಲಿ ರಸ ಅರ್ಧ ಬೆರಳು ಕೆಳಗಿಳಿಯುವವರೆಗೆ ಎಂದಿದೆ. ಆಮೇಲೆ ಬೇಳೆ ಕಟ್ಟನ್ನು ಸುರಿದು, ಒಂದೇ ಉಕ್ಕು ಬಂದ ಕೂಡಲೆ ಇಳಿಸಿ, ತುಪ್ಪದಲ್ಲಿ ಸಾಸಿವೆ ಇಂಗಿನ ಒಗ್ಗರಣೆ.

ಬರೆದ ಹಾಳೆಯನ್ನು ನಕಲು ಮಾಡಿ ತಾಯಿಯವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿ, ಮೆಂತ್ಯದ ಎದುರಿಗೆ "ಹೊಸದಾದರೆ 18" ಎಂದು ಸೇರಿಸಿದರು. ನನ್ನ ಮೇಲಧಿಕಾರಿಗಳು ಯಾರೂ ಒಂದು ಕಡತವನ್ನು ಇಷ್ಟು ಗಮನವಿಟ್ಟು ಓದಿದ್ದನ್ನು ನಾನು ಕಂಡಿಲ್ಲ. ಮಾರನೆಯ ದಿನ ನನ್ನ ಹೆಂಡತಿಯ ಸಾರಿನಲ್ಲಿ ಬೆಲ್ಲ ಹೆಚ್ಚಾಗಿದೆ ಎಂಬ ಆಕ್ಷೇಪಣೆಯೂ ಬಂತು. ಅವಳು ಅದನ್ನು ನನಗೆ ಬಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ತಾಯಿಯವರ ವಾಸನೆ ವಕ್ರವಕ್ರವಾಗಿ, ಕಂತುಕಂತಾಗಿ ಮರಳುತ್ತಿದೆ. ಮೊದಲು ಇಂಗು ಬಂತು. ಕಾಫಿ ಬಹಳ ಕಾಲ ಸುಟ್ಟ ಬಟ್ಟೆಯಂತಿತ್ತು, ಈಗ ಕಾಫಿಯಂತೆಯೇ ಇದೆಯಂತೆ. ಕೊತ್ತಂಬರಿ ಇನ್ನೂ ಬಂದಿಲ್ಲ. ಆ ಭಾಗಕ್ಕೆ ಅವರು ಒಲೆಗೆ ಬೆನ್ನು ಮಾಡಿ ನಿಲ್ಲುತ್ತಾರೆ, ಮಗಳು ಬಾಣಲೆಯ ಬಳಿ ನಿಲ್ಲುತ್ತಾಳೆ. ಹಾಳೆಯ ಒಂದು ಪ್ರತಿಯನ್ನು ಮೈಸೂರಿನಲ್ಲಿರುವ ನಮ್ಮ ಅಕ್ಕನಿಗೆ ಕಳಿಸಿದ್ದೆ. ಎಲ್ಲಕ್ಕೂ ತೂಕ ಬರೆದು ಇಂಗಿಗೆ ಮಾತ್ರ "ಒಂದು ಚೂರು" ಎಂದರೆ ಎಷ್ಟು ಎಂದು ಅವಳು ದೂರವಾಣಿಯಲ್ಲಿ ಕೇಳಿದಳು. ತಾಯಿಯವರಿಗೆ ಕೊಟ್ಟೆ. ಅವರು ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ, "ಇಷ್ಟು ಕಣೇ" ಎಂದರು.