ಉಯ್ಯಾಲೆ ಮತ್ತು ಜೋಕಾಲಿ

ಬಾದಾಮಿಯ ಮೂರನೆಯ ಗುಹೆಗೆ ಹೋದವರು ಅನಂತನ ಮೇಲೆ ಕುಳಿತ ವಿಷ್ಣುವನ್ನೂ ತ್ರಿವಿಕ್ರಮನನ್ನೂ ಕಂಡು ಹಿಂದಿರುಗುತ್ತಾರೆ. ಕತ್ತೆತ್ತಿ ಕಂಬಗಳ ಮೇಲ್ಭಾಗವನ್ನು ನೋಡುವವರು ಕಡಿಮೆ. ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಪೂರ್ಣಗೊಳಿಸಿದ ಈ ಗುಹೆಯಲ್ಲಿ, ಮರದ ನೆರಳಿನಲ್ಲಿ ಒಬ್ಬರನ್ನೊಬ್ಬರು ಆನಿಕೊಂಡು ನಿಂತ ಸ್ತ್ರೀಪುರುಷರ ಶಿಲ್ಪಗಳು ಅಲ್ಲಿವೆ. ಅವರ ಆಭರಣ, ಕೇಶಾಲಂಕಾರ, ನಿಲುವುಗಳೇ ಹೇಳುತ್ತವೆ: ಇವರು ಹೊಲದಲ್ಲಿ ದುಡಿದು ದಣಿದವರಲ್ಲ. ವಿರಾಮವುಳ್ಳವರಿಗೆ ಪ್ರಣಯವೂ ಒಂದು ಕಲೆಯಾಗಿದ್ದಿತು.

ಅರಮನೆಯ ಅಂತಹ ವಿರಾಮವನ್ನು ಶಾಸ್ತ್ರವಾಗಿ ಬರೆದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಹನ್ನೆರಡನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಕೊನೆಯ ಭಾಗವು ಕ್ರೀಡೆಗಳಿಗೇ ಮೀಸಲು. ಜಲಕ್ರೀಡೆ, ಪಗಡೆ, ಒಗಟು, ಉಯ್ಯಾಲೆ ಎಲ್ಲವೂ ಅಲ್ಲುಂಟು. ರಾಜನು ಹೇಗೆ ಆಡಬೇಕು, ಹೇಗೆ ಸಂತೋಷಪಡಬೇಕು ಎಂಬುದೇ ಗ್ರಂಥದ ಚಿಂತೆ. ಜೊತೆಗೆ ಆಡಿದ ರಾಣಿಯರ ಸಂತೋಷವನ್ನು ಕೇಳುವ ಗೋಜಿಗೆ ಅದು ಹೋಗುವುದಿಲ್ಲ.

ಯುರೋಪಿನ ಸಿರಿವಂತರೂ ಇದೇ ಆಟವನ್ನು ಮೆಚ್ಚಿದರು. ಫ್ರಾನ್ಸಿನಲ್ಲಿ ಆಸ್ಥಾನಿಕನೊಬ್ಬನು ಉಯ್ಯಾಲೆಯ ಮೇಲೆ ತನ್ನ ಪ್ರೇಯಸಿಯನ್ನು ಚಿತ್ರಿಸಬೇಕೆಂದು ಡೊಯೆನ್ ಎಂಬ ಕಲಾವಿದನನ್ನು ಕೇಳಿದನಂತೆ. ಅವನು ಒಪ್ಪಲಿಲ್ಲ, ಫ್ರಾಗೊನಾರ್ ಒಪ್ಪಿದನು. 1767ರ ಆ ಚಿತ್ರ ಈಗ ಲಂಡನ್ನಿನ ವಾಲೆಸ್ ಸಂಗ್ರಹಾಲಯದಲ್ಲಿದೆ. ಗುಲಾಬಿ ಬಣ್ಣದ ಉಡುಪಿನ ತರುಣಿ ತೂಗುತ್ತಿದ್ದಾಳೆ. ಕಾಲಿನ ಪಾದರಕ್ಷೆ ಗಾಳಿಗೆ ಹಾರಿದೆ. ಹಿಂದೆ ಕತ್ತಲಲ್ಲಿ ವಯಸ್ಸಾದವನೊಬ್ಬನು ಹಗ್ಗ ಹಿಡಿದಿದ್ದಾನೆ. ಮುಂದೆ ಪೊದೆಯಲ್ಲಿ ಅವಿತ ತರುಣನನ್ನು ಅವನು ಕಾಣ. ಕಲ್ಲಿನ ಮನ್ಮಥನು ಮಾತ್ರ ತುಟಿಯ ಮೇಲೆ ಬೆರಳಿಟ್ಟಿದ್ದಾನೆ! ಚಿತ್ರ ಬಹು ಸೊಗಸಾದುದು, ಸಂದೇಹವಿಲ್ಲ. ಆದರೆ ಹಗ್ಗ ಒಬ್ಬನ ಕೈಯಲ್ಲಿ, ನೋಟ ಇನ್ನೊಬ್ಬನದು, ಹಣ ಕೊಟ್ಟವನೂ ಗಂಡಸೇ. ತೂಗುವವಳಿಗೆ ಉಳಿದುದು ನಗೆಯೊಂದೇ.

ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಉಯ್ಯಾಲೆಗೆ ಜೋಕಾಲಿ ಎಂದು ಹೆಸರು. ಶ್ರಾವಣದ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೇವಿನ ಮರಕ್ಕೋ ಹುಣಸೆಯ ಮರಕ್ಕೋ ಹಗ್ಗ ಬೀಳುತ್ತದೆ. ಅರಳು, ಉಂಡಿ ತಿಂದು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಇಬ್ಬರು ಗೆಳತಿಯರು ಎದುರುಬದುರಾಗಿ ಮಣೆಯ ಮೇಲೆ ನಿಲ್ಲುತ್ತಾರೆ. ಇಲ್ಲಿ ತೂಗುವವರು ಬೇರೆ ಬೇಕಿಲ್ಲ. ಒಬ್ಬಳು ಮಂಡಿ ಬಗ್ಗಿಸಿ ಜೀಕಿದರೆ ಇನ್ನೊಬ್ಬಳು ಮೇಲೇರುತ್ತಾಳೆ, ಮರುಕ್ಷಣ ಇವಳ ಸರದಿ. ಎಲೆ ಮುಟ್ಟುವವರೆಗೂ ಬಿಡುವುದಿಲ್ಲ. ಕೆಳಗೆ ನಿಂತ ಅಣ್ಣತಮ್ಮಂದಿರು ಕಾಯಬೇಕು.