ಕಡಲಾಚೆಗೆ ನಮ್ಮ ಪಿಂಚಣಿ

ವೃದ್ಧಾಪ್ಯದಲ್ಲಿ ಮನುಷ್ಯನಿಗೆ ಎರಡು ಊರುಗೋಲುಗಳು ಬೇಕೆಂದು ಹಿರಿಯರು ಹೇಳುತ್ತಿದ್ದರು. ಒಂದು ಮಕ್ಕಳ ಪ್ರೀತಿ, ಇನ್ನೊಂದು ತನ್ನದೇ ಆದ ನಾಲ್ಕು ಕಾಸು. ಹಿಂದೆ ಇವೆರಡೂ ಒಂದೇ ಮನೆಯಲ್ಲಿ ದೊರೆಯುತ್ತಿದ್ದವು. ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮಕ್ಕಳು ಕಡಲಾಚೆ ನೆಲೆಸಿದ್ದಾರೆ, ಕಾಸು ಮಾತ್ರ ಊರಿನ ಬ್ಯಾಂಕಿನಲ್ಲಿದೆ. ಮಕ್ಕಳ ಹಿಂದೆ ಹೊರಟ ತಂದೆತಾಯಿಗಳು ಆ ಕಾಸನ್ನು ಏನು ಮಾಡಬೇಕು? ಈ ಪ್ರಶ್ನೆಯನ್ನು ನಾವು ದಂಪತಿಗಳು ಏಳೆಂಟು ವರ್ಷಗಳಿಂದ ಎದುರಿಸುತ್ತ ಬಂದಿದ್ದೇವೆ. ಇದೇ ದಾರಿಯಲ್ಲಿ ಹೊರಟಿರುವ ಬಂಧುಗಳಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ನಮ್ಮದು ರಾಣೇಬೆನ್ನೂರು ತಾಲೂಕಿನ ಐರಣಿ, ತುಂಗಭದ್ರೆಯ ದಂಡೆಯ ಊರು. ನಮ್ಮಿಬ್ಬರಲ್ಲಿ ಒಬ್ಬರು 34 ವರ್ಷ ಸರಕಾರಿ ಶಾಲೆಗಳಲ್ಲಿ ಪಾಠ ಹೇಳಿ 2010ರಲ್ಲಿ ನಿವೃತ್ತರಾದ ಮಾಸ್ತರು. ಇನ್ನೊಬ್ಬರು ಆ ಸಂಬಳದಲ್ಲಿ ಮನೆ ನಡೆಸಿ, ಮಕ್ಕಳನ್ನು ಓದಿಸಿ, ಬಂದುಹೋಗುವವರಿಗೆ ರೊಟ್ಟಿ ಬಡಿದು ಹಾಕಿದವರು. ಆದ್ದರಿಂದ ಈ ಪಿಂಚಣಿ ಒಬ್ಬರದೆಂದು ನಾವು ಎಂದೂ ತಿಳಿದವರಲ್ಲ. 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಬಳಿ ಕಾಯಂ ವಾಸಕ್ಕೆ ಬಂದೆವು.

ಹೊರಡುವ ಮುನ್ನ ಮಗ ಫೋನಿನಲ್ಲಿ ಹೇಳಿದ: “ಅಪ್ಪಾರ, ಆ ಪಿಂಚಣಿ ಅಲ್ಲೇ ಇರಲಿ ಬಿಡ್ರಿ. ಇಲ್ಲಿ ತರೂದು ಬಾಳ ತ್ರಾಸ. ನಾ ಇಲ್ಲೇನು?” ಮಗನ ಮಾತಿನಲ್ಲಿ ಅಕ್ಕರೆಯೇ ಇತ್ತು. ಆದರೆ ಮನೆ ನಡೆಸಿದವರು ಅಷ್ಟೇ ಸಮಾಧಾನದಿಂದ, “ನೀ ಅದಿ ಅಂತನ ಬರಾಕತ್ತೀವಿ ಮಗಾ. ಆದ್ರ ಔಷಧದ ಚೀಟಿ ಹಿಡಕೊಂಡು ದಿನಾ ನಿನ್ನ ಮುಂದ ನಿಂದ್ರೂದು ನನಗ ಆಗೂದಿಲ್ಲ” ಎಂದರು. ಆ ಒಂದು ಮಾತಿನಿಂದ ನಮ್ಮ ಕೆಲಸ ಪ್ರಾರಂಭವಾಯಿತು. ಮಧ್ಯವರ್ತಿಗೆ ಹಣ ಕೊಡದೆ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕೆಂದು ನಿಶ್ಚಯಿಸಿದೆವು.

ಮೊದಲು ಎದುರಾದದ್ದು ಹೆಸರಿನ ತೊಡಕು. ನಮ್ಮ ಸೀಮೆಯಲ್ಲಿ ಹೆಣ್ಣುಮಗಳಿಗೆ ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಅತ್ತೆಯ ಮನೆಯವರು ಇಡುವ ಹೆಸರು ಇನ್ನೊಂದು. ಪಿಂಚಣಿ ಪಾವತಿ ಆದೇಶದಲ್ಲಿ ಗಂಡನ ಮನೆಯ ಹೆಸರು, ಶಾಲೆಯ ದಾಖಲೆಯನ್ನು ನೋಡಿ ಕೊಟ್ಟ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರು. ಮಾಸ್ತರ ಹೆಸರಿನ ಮುಂದೆ ಆದೇಶದಲ್ಲಿ ಎರಡು ಅಕ್ಷರಗಳಷ್ಟೇ ಇದ್ದರೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಮನೆತನದ ಹೆಸರೂ ಪೂರ್ತಿಯಾಗಿ ಬಿಡಿಸಿದ್ದವು. ಜಿಲ್ಲೆಯ ಹೆಸರೂ ಎರಡು ಬಗೆ. ನಾವು ನೌಕರಿಗೆ ಸೇರಿದಾಗ ರಾಣೇಬೆನ್ನೂರು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಊರಿನಲ್ಲಿ ಇದಾವುದೂ ತೊಡಕಲ್ಲ, ಏಕೆಂದರೆ ಎಲ್ಲರೂ ನಮ್ಮನ್ನು ಮುಖದಿಂದ ಬಲ್ಲರು. ಪರದೇಶದ ಬ್ಯಾಂಕಿಗಾದರೋ ಮುಖ ತಿಳಿಯದು, ಅಕ್ಷರ ಮಾತ್ರ ತಿಳಿಯುತ್ತದೆ.

ಆದ್ದರಿಂದ ಎರಡು ಹೆಸರುಗಳೂ ಒಬ್ಬರವೇ ಎಂದು ಪ್ರಮಾಣಪತ್ರ ಮಾಡಿಸಿ, ಶಿಕ್ಷಣ ಇಲಾಖೆಯ ಮೂಲಕ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಅರ್ಜಿ ಕಳುಹಿಸಿದೆವು. ತಿದ್ದುಪಡಿ ಬರಲು ಏಳು ತಿಂಗಳು ಹಿಡಿದವು. ಆದರೆ ಈ ಏಳು ತಿಂಗಳು ವ್ಯರ್ಥವಲ್ಲ. ಪಿಂಚಣಿದಾರರು ಲಿಂಗೈಕ್ಯರಾದರೆ ಕುಟುಂಬ ಪಿಂಚಣಿ ಪಡೆಯಬೇಕಾದವರು ಅವರ ಮಡದಿ. ಆ ದುಃಖದ ದಿನಗಳಲ್ಲಿ, ಅದೂ ಹತ್ತು ಸಾವಿರ ಮೈಲು ದೂರದಲ್ಲಿ ಕುಳಿತು, ‘ಈ ಹೆಸರಿನವಳು ನಾನೇ’ ಎಂದು ಕಚೇರಿಗಳಿಗೆ ಸಾಧಿಸಿ ತೋರಿಸುವ ಪಾಡು ಯಾವ ತಾಯಿಗೂ ಬರಬಾರದು. ಪರದೇಶಕ್ಕೆ ಹೋಗದವರ ಮನೆಯಲ್ಲಿಯೂ ಈ ಒಂದು ಕೆಲಸ ಇಂದೇ ಆಗಬೇಕಾದದ್ದು.

ಎರಡನೆಯದು ಬ್ಯಾಂಕಿನ ಖಾತೆ. ಕಾಯಂ ವಾಸಕ್ಕೆಂದು ದೇಶ ಬಿಟ್ಟವರು ತಮ್ಮ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಅನಿವಾಸಿಗಳ ಸಾಮಾನ್ಯ ರೂಪಾಯಿ ಖಾತೆಯಾಗಿ, ಅಂದರೆ ಬ್ಯಾಂಕಿನವರು ಎನ್‌ಆರ್‌ಒ ಎಂದು ಕರೆಯುವ ಖಾತೆಯಾಗಿ, ಬದಲಿಸಿಕೊಳ್ಳಬೇಕು. ಹಿಂದಿದ್ದ 1973ರ ಕಠಿಣ ವಿದೇಶಿ ವಿನಿಮಯ ಕಾಯ್ದೆ ಹೋಗಿ, 1999ರ ಹೊಸ ಕಾಯ್ದೆ 2000ದ ಜೂನ್ 1ರಿಂದ ಜಾರಿಗೆ ಬಂದ ಮೇಲೆ ನಮ್ಮಂಥವರ ದಾರಿ ಬಹಳ ಸುಗಮವಾಗಿದೆ. ಈ ಖಾತೆಯಲ್ಲಿನ ಆಸ್ತಿ ಮಾರಿದ ಹಣ ಮುಂತಾದವುಗಳನ್ನು ಹೊರಗೆ ಕಳುಹಿಸಲು ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರುಗಳ ಮಿತಿಯಿದೆ. ಪಿಂಚಣಿ, ಬಾಡಿಗೆ, ಬಡ್ಡಿಗಳಂಥ ಚಾಲ್ತಿ ಆದಾಯವನ್ನು ತೆರಿಗೆ ತೀರಿಸಿ ಕಳುಹಿಸಲು ಆ ಮಿತಿಯೂ ಅಡ್ಡಬರುವುದಿಲ್ಲ. ಆದರೆ ಈ ಖಾತೆಯ ಬಡ್ಡಿಯ ಮೇಲೆ ಶೇಕಡಾ 30ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಮುರಿದುಕೊಳ್ಳುತ್ತಾರೆಂಬುದನ್ನು ತಿಳಿದಿರಬೇಕು. ನಿಜವಾದ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಲೆಕ್ಕಪತ್ರ ಸಲ್ಲಿಸಿ ಹೆಚ್ಚಿನದನ್ನು ಮರಳಿ ಪಡೆಯಬಹುದು.

ನಾವು ಹೋದ ಶಾಖೆಯಲ್ಲಿ ಇದನ್ನು ತಿಳಿದವರು ಮೊದಮೊದಲು ಯಾರೂ ಇರಲಿಲ್ಲ. ‘ಪಿಂಚಣಿ ಹೊರದೇಶಕ್ಕೆ ಹೋಗುವುದಿಲ್ಲ’ ಎಂದು ಒಬ್ಬರೂ, ‘ವರ್ಷಕ್ಕೊಮ್ಮೆ ನೀವೇ ಬಂದು ಒಯ್ಯಬೇಕು’ ಎಂದು ಇನ್ನೊಬ್ಬರೂ ಹೇಳಿದರು. ನಾವು ಜಗಳವಾಡಲಿಲ್ಲ. ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರತಿಯೊಂದನ್ನು ತಂದು, ಪಿಂಚಣಿಯ ಹೆಸರಿರುವ ಸಾಲಿಗೆ ಕೆಂಪು ಗೆರೆ ಎಳೆದು ಮೇಜಿನ ಮೇಲಿಟ್ಟೆವು. ಹುಡುಗರ ಉತ್ತರಪತ್ರಿಕೆ ತಿದ್ದಿದ ಕೈಗೆ ಅದೇನು ಹೊಸದಲ್ಲ. ಮೂರನೆಯ ಭೇಟಿಗೆ ಕೆಲಸವಾಯಿತು.

ಹಣ ಕಳುಹಿಸುವಾಗ ಬ್ಯಾಂಕಿನ ಅರ್ಜಿಯೊಂದು, ಆದಾಯ ತೆರಿಗೆ ಇಲಾಖೆಯ ಘೋಷಣೆಯೊಂದು ಬೇಕಾಗುತ್ತವೆ. ನಾವು ಮೊದಲು ಕಳುಹಿಸಿದಾಗ ಆ ಘೋಷಣೆಯ ನಮೂನೆಗೆ 15ಸಿಎ ಎಂಬ ಹೆಸರಿತ್ತು. ವರ್ಷಕ್ಕೆ 5 ಲಕ್ಷ ರೂಪಾಯಿ ದಾಟದ ಮೊತ್ತಕ್ಕೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕಿರಲಿಲ್ಲ. ಕಾಯ್ದೆ ಬದಲಾದಂತೆ ನಮೂನೆಗಳ ಹೆಸರೂ ಬದಲಾಗುವುದರಿಂದ ಹೊರಡುವವರು ಆಯಾ ವರ್ಷದ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಪ್ರತಿ ಸಲ ಕಳುಹಿಸಿದಾಗಲೂ ಬ್ಯಾಂಕು ತನ್ನ ಶುಲ್ಕ ಹಿಡಿಯುತ್ತದೆ, ಡಾಲರಿನ ದರದಲ್ಲಿಯೂ ಒಂದಿಷ್ಟು ತನಗೆಂದು ಇಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಕಳುಹಿಸಿದರೆ ಶುಲ್ಕವೇ ಹೆಚ್ಚಾಗುತ್ತದೆಂದು ನಾವು ಮೂರು ತಿಂಗಳಿಗೊಮ್ಮೆ ಕಳುಹಿಸುವ ಪದ್ಧತಿಯನ್ನಿಟ್ಟುಕೊಂಡೆವು. ಊರಿನ ಮೊಬೈಲ್ ಸಂಖ್ಯೆಯನ್ನು ಮಾತ್ರ ಎಂದೂ ನಿಲ್ಲಿಸಲಿಲ್ಲ. ಬ್ಯಾಂಕಿನ ಗುಪ್ತ ಸಂಖ್ಯೆ ಅದಕ್ಕೇ ಬರುತ್ತದೆ. ಅದು ನಿಂತರೆ ಎಲ್ಲವೂ ನಿಂತಂತೆ.

ಇತ್ತ ಅಮೆರಿಕದ ಕಡೆಗೂ ಕೆಲವು ಕರ್ತವ್ಯಗಳಿವೆ. ಕಾಯಂ ವಾಸದ ಹಸಿರು ಕಾರ್ಡು ಪಡೆದವರು ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವನ್ನೂ ಅಲ್ಲಿನ ತೆರಿಗೆ ಪತ್ರದಲ್ಲಿ ಕಾಣಿಸಬೇಕು. ಹೊರದೇಶದ ಖಾತೆಗಳಲ್ಲಿನ ಒಟ್ಟು ಹಣ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರು ದಾಟಿದರೆ ಅದನ್ನು ಬೇರೆಯಾಗಿ ತಿಳಿಸಬೇಕು. ಎರಡು ದೇಶಗಳ ನಡುವೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದ 1989ರಲ್ಲಿಯೇ ಆಗಿದೆ. ಅದರಲ್ಲಿ ಸರಕಾರಿ ಪಿಂಚಣಿಗೆ ಪ್ರತ್ಯೇಕ ಕಲಮೂ ಇದೆ. ಆದರೆ ಅದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲವಾದ್ದರಿಂದ ಈ ಒಂದು ವಿಷಯದಲ್ಲಿ ಮಾತ್ರ ನಾವು ತಿಳಿದವರಿಗೆ ಶುಲ್ಕ ಕೊಟ್ಟು ಸಲಹೆ ಪಡೆದೆವು. ಸ್ವತಃ ಮಾಡುವುದೆಂದರೆ ಬಲ್ಲವರನ್ನು ಕೇಳಬಾರದೆಂದಲ್ಲ.

ಇನ್ನು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಸಾಕ್ಷಿ ಕೊಡುವ ಕೆಲಸ. ಊರಿನಲ್ಲಿದ್ದಾಗ ನವೆಂಬರ್ ಬಂತೆಂದರೆ ರಾಣೇಬೆನ್ನೂರಿಗೆ ಹೋಗಿ ಸಹಿ ಮಾಡಿ, ಹಳೆಯ ಗೆಳೆಯರೊಡನೆ ಚಹಾ ಕುಡಿದು ಬರುತ್ತಿದ್ದೆವು. ಅದೊಂದು ಜಾತ್ರೆಯೇ ಆಗಿತ್ತು. 2014ರ ನವೆಂಬರ್ 10ರಂದು ಕೇಂದ್ರ ಸರಕಾರ ‘ಜೀವನ್ ಪ್ರಮಾಣ್’ ಎಂಬ ವಿದ್ಯುನ್ಮಾನ ಪದ್ಧತಿಯನ್ನು ಆರಂಭಿಸಿತು. ಪರದೇಶದಲ್ಲಿರುವವರಿಗೆ ಭಾರತದ ರಾಯಭಾರ ಕಚೇರಿಗಳೂ ಈ ಪ್ರಮಾಣಪತ್ರ ಮಾಡಿಕೊಡುತ್ತವೆ. ನಾವು ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ದೂತಾವಾಸದಿಂದ ಪಡೆದು ಅಂಚೆಯಲ್ಲಿ ಕಳುಹಿಸುತ್ತೇವೆ. ಅಲ್ಲಿಯ ಸಾಲಿನಲ್ಲಿ ಪಂಜಾಬಿನವರು, ತಮಿಳರು, ಗುಜರಾತಿನವರು, ಎಲ್ಲರೂ ನಮ್ಮಂತೆಯೇ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿರುತ್ತಾರೆ. ಚೀಲದೊಳಗೆ ಒಂದು ಜನ್ಮದ ನೌಕರಿ ಇರುತ್ತದೆ.

ಇಷ್ಟೆಲ್ಲ ಆದ ಮೇಲೆಯೂ ಒಂದು ಪ್ರಶ್ನೆ ನಮ್ಮ ಮನಸ್ಸನ್ನು ಕಾಡುತ್ತಿತ್ತು. ನಮ್ಮ ನಾಡಿನ ಬೊಕ್ಕಸದ ಹಣವನ್ನು ಪರದೇಶಕ್ಕೆ ತರಿಸಿಕೊಳ್ಳುವುದು ಧರ್ಮವೇ? ಬ್ರಿಟಿಷರ ಕಾಲದಲ್ಲಿ ‘ಹೋಮ್ ಚಾರ್ಜಸ್’ ಎಂಬ ಹೆಸರಿನಲ್ಲಿ ಪ್ರತಿವರ್ಷ ಭಾರತದಿಂದ ಇಂಗ್ಲೆಂಡಿಗೆ ಹಣ ಹರಿಯುತ್ತಿತ್ತು. ಇಲ್ಲಿ ಅಧಿಕಾರ ನಡೆಸಿ ತಾಯ್ನಾಡಿಗೆ ಮರಳಿದ ಬಿಳಿಯ ಅಧಿಕಾರಿಗಳ ಪಿಂಚಣಿ ಅದರಲ್ಲಿ ದೊಡ್ಡ ಪಾಲು. ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ದೇಶದ ಸಂಪತ್ತು ಹೀಗೆ ಸೋರಿಹೋಗುವುದನ್ನು ಲೆಕ್ಕಹಾಕಿ ತೋರಿಸಿದರು. ಶಾಲೆಯಲ್ಲಿ ಆ ಪಾಠವನ್ನು ವರ್ಷ ವರ್ಷವೂ ಹೇಳಿದವರೇ ಈಗ ಡಾಲರಿನ ದರ ನೋಡುತ್ತ ಕುಳಿತಿದ್ದೇವೆಯೇ ಎನಿಸುತ್ತಿತ್ತು.

ಚಿಂತಿಸಿದಂತೆ ವ್ಯತ್ಯಾಸ ತಿಳಿಯಿತು. ಅದು ಆಳುವವರು ನಾಡಿನ ಜನರನ್ನು ಕೇಳದೆ ಹೇರಿದ ಭಾರ. ನಮ್ಮದು ನಾಡಿನ ಮಕ್ಕಳಿಗೆ ದುಡಿದ ದುಡಿಮೆಯ ಉಳಿಕೆ. 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯ ನಕಾರಾ ಪ್ರಕರಣದಲ್ಲಿ, ಪಿಂಚಣಿ ಒಡೆಯನು ಕರುಣೆಯಿಂದ ಕೊಡುವ ದಾನವಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ಸ್ಪಷ್ಟಪಡಿಸಿತು. ಆ ದಿನವನ್ನು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ನಮ್ಮ ಶರಣರ ಮಾತಿನಲ್ಲಿ ಹೇಳುವುದಾದರೆ ಅದು ಕಾಯಕದ ಫಲ. ಆದರೆ ಕಾಯಕದ ಫಲಕ್ಕೂ ಒಂದು ಅಳತೆಯುಂಟು. ಆಯ್ದಕ್ಕಿ ಲಕ್ಕಮ್ಮ ತಾಯಿ, ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಹೇಳಿದ ಕಥೆ ನಮ್ಮ ಮನೆಮನೆಯ ಕಥೆ. ಹಕ್ಕು ಎಂಬುದು ತರುವುದನ್ನು ಹೇಳಿದರೆ, ಲಕ್ಕಮ್ಮ ಎಷ್ಟು ತರಬೇಕೆಂಬುದನ್ನು ಹೇಳುತ್ತಾಳೆ.

ಹೀಗೆ ನಾವು ಪಿಂಚಣಿಯನ್ನು ಪಾಲುಮಾಡಿದೆವು. ತಿಂಗಳಿಗೆ ಬರುವುದು ಸುಮಾರು 36,000 ರೂಪಾಯಿ. ಅದರ ಕಾಲು ಭಾಗ ಐರಣಿಯಲ್ಲಿಯೇ ಉಳಿಯುತ್ತದೆ: ಮನೆಯ ಕರ, ಮಾಳಿಗೆಯ ರಿಪೇರಿ, ಹೊಳೆಮಠದ ದಾಸೋಹಕ್ಕೆ ಕಿಂಚಿತ್ ಸೇವೆ, ತಾವು ಕಲಿಸಿದ ಶಾಲೆಯ ಇಬ್ಬರು ಹೆಣ್ಣುಮಕ್ಕಳ ಪುಸ್ತಕ. ಇನ್ನೊಂದು ಕಾಲು ಭಾಗ ಊರಿಗೆ ಬಂದುಹೋಗುವ ಖರ್ಚಿಗೆಂದು ಕೂಡಿಡುತ್ತೇವೆ. ಉಳಿದ ಅರ್ಧ ಮಾತ್ರ ಕಡಲು ದಾಟುತ್ತದೆ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 210 ಡಾಲರಿನಷ್ಟು. ಊರಿನಲ್ಲಿ ಒಂದು ಸಂಸಾರ ನಡೆಸುವ ಹಣ ಇಲ್ಲಿ ಎರಡು ಸಲದ ಕಿರಾಣಿಗೆ ಸರಿಯಾಗುತ್ತದೆ.

ಹಾಗಾದರೆ ಇಷ್ಟು ತ್ರಾಸ ಏಕೆ ಎಂದು ಯಾರಾದರೂ ಕೇಳಿಯಾರು. ಅಮೆರಿಕದಲ್ಲಿ 65 ವರ್ಷ ದಾಟಿದ, ಐದು ವರ್ಷ ಸತತವಾಗಿ ನೆಲೆಸಿದ ಕಾಯಂ ನಿವಾಸಿಗಳು ಕಂತು ಕಟ್ಟಿ ‘ಮೆಡಿಕೇರ್’ ಎಂಬ ಸರಕಾರಿ ವೈದ್ಯಕೀಯ ವಿಮೆಗೆ ಸೇರಬಹುದು. 2023ರಲ್ಲಿ ನಮಗೆ ಐದು ವರ್ಷ ತುಂಬಿತು. ವೈದ್ಯರ ಭೇಟಿ ಮುಂತಾದವುಗಳಿಗೆ ಸಂಬಂಧಿಸಿದ ಅದರ ‘ಬಿ’ ಭಾಗಕ್ಕೆ 2025ರಲ್ಲಿ ಒಬ್ಬರಿಗೆ ತಿಂಗಳ ಸಾಮಾನ್ಯ ಕಂತು 185 ಡಾಲರು. ನಮ್ಮ ಅರ್ಧ ಪಿಂಚಣಿ ಆಗ ಒಬ್ಬರ ಕಂತಿಗೆ ಸಾಕಾಗಿ ಸ್ವಲ್ಪ ಮಿಗುತ್ತಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ. ಮಗ ಎರಡನ್ನೂ ತಾನೇ ಕಟ್ಟುತ್ತೇನೆಂದು ಹಟಹಿಡಿದ. ಒಂದು ಸಂಜೆ ಕೂತು ಇತ್ಯರ್ಥಮಾಡಿದೆವು: ಅವ್ವನ ಕಂತು ಅಪ್ಪನ ಪಿಂಚಣಿಯಿಂದ, ಅಪ್ಪನ ಕಂತು ಮಗನ ಸಂಬಳದಿಂದ. ಮಗನಿಗೆ ಕೊಟ್ಟ ಸಮಾಧಾನವಾಯಿತು. ನಮಗೆ ಪಡೆದ ಭಾರವಾಗಲಿಲ್ಲ. ಅಂದಿನಿಂದ ಮನೆಯಲ್ಲಿ ಹಣದ ಮಾತು ಬಂದಾಗ ಯಾರ ದನಿಯೂ ಏರಿಲ್ಲ, ಯಾರ ತಲೆಯೂ ತಗ್ಗಿಲ್ಲ.

ಮಕ್ಕಳ ಬಳಿಗೆ ಹೊರಟಿರುವ ಹಿರಿಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಹೊರಡುವುದಕ್ಕೆ ಒಂದು ವರ್ಷ ಮುಂಚೆಯೇ ಹೆಸರುಗಳನ್ನು ಒಂದುಗೂಡಿಸಿರಿ. ಪಿಂಚಣಿ ಆದೇಶದ ಮೂರು ಪ್ರತಿ ಮಾಡಿಸಿ ಒಂದನ್ನು ಊರಿನ ನಂಬಿಕಸ್ಥರಲ್ಲಿಡಿರಿ. ಖಾತೆಯನ್ನು ಬದಲಿಸಿಕೊಳ್ಳಿರಿ. ಮನೆಯೊಡತಿಗೆ ಎಲ್ಲ ಕಾಗದಗಳ ಪರಿಚಯ ಮಾಡಿಸಿರಿ. ನಾಳೆ ಅವರೇ ನಡೆಸಬೇಕಾದೀತು. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯದ ನೌಕರಿಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿಯಿದ್ದು ಅದರ ನಿಯಮಗಳು ಬೇರೆಯಾದ್ದರಿಂದ, ಅಂಥವರು ಬೇರೆಯಾಗಿ ವಿಚಾರಿಸಿಕೊಳ್ಳಬೇಕು. ಮಕ್ಕಳೂ ಅಷ್ಟೆ, ತಂದೆತಾಯಿಗಳ ಪಿಂಚಣಿ ತಮ್ಮ ಸಂಬಳದೆದುರು ಅಲ್ಪವೆಂದು ನಗದಿರಲಿ. ಅದು ಕಾಸಲ್ಲ, ಅವರ ಬೆನ್ನೆಲುಬು. ಅದನ್ನು ನೆಟ್ಟಗಿರಿಸುವುದು ಮಕ್ಕಳ ಸೇವೆಗಳಲ್ಲಿ ಒಂದೆಂದು ನಾವು ಬಲ್ಲೆವು.