ಅಮಾನಾದ ಹಿರಿಯರು

ಅಮೆರಿಕದ ನಡುನಾಡಿನ ಅಯೋವಾ ಸಂಸ್ಥಾನದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಅಮಾನಾ ಎಂಬ ಏಳು ಹಳ್ಳಿಗಳಿವೆ. ಜರ್ಮನಿಯ ಮೂಲದ ಕ್ರೈಸ್ತ ಪಂಗಡವೊಂದು 1855ರಲ್ಲಿ ಇಲ್ಲಿ ನೆಲಸಿ, 1932ರವರೆಗೆ ಹೊಲ, ಮನೆ, ಅನ್ನಗಳೆಲ್ಲ ಎಲ್ಲರಿಗೂ ಸಾಧಾರಣವೆಂದೆಣಿಸಿ ಬಾಳಿತು. ಮಗನ ಮನೆಗೆ ಹೋಗಿದ್ದ ನಾನೂ ನನ್ನ ಪತ್ನಿಯೂ ಒಂದು ದಿನ ಅಲ್ಲಿಗೆ ಹೋದೆವು.

ಆ ಕಾಲದಲ್ಲಿ ಮನೆಮನೆಗೆ ಅಡುಗೆಯ ಒಲೆಯೇ ಇರಲಿಲ್ಲ! ಊಟವೆಲ್ಲ ಊರಿನ ಪಾಕಶಾಲೆಗಳಲ್ಲಿ. ಅಂಥದೊಂದನ್ನು ಮಿಡಲ್ ಅಮಾನಾದಲ್ಲಿ ಇದ್ದಂತೆಯೇ ಕಾಪಾಡಿದ್ದಾರೆ. ತರುಣಿಯರು ಬೇಯಿಸುವರು, ಮುದುಕಿಯರು ಕುಳಿತಲ್ಲಿಯೇ ತರಕಾರಿ ಹೆಚ್ಚಿಕೊಡುವರು, ಬರಲಾರದವರಿಗೆ ಬುಟ್ಟಿಯಲ್ಲಿ ಊಟ ಹೋಗುವುದು. ಸಂಬಳವಿಲ್ಲವಾದ್ದರಿಂದ ಪಿಂಚಣಿಯೂ ಇಲ್ಲ; ‘ಇಂದಿಗೆ ನಿಮ್ಮ ಕೆಲಸ ಮುಗಿಯಿತು’ ಎಂದು ಹಾರ ಹಾಕುವ ದಿನವೂ ಇಲ್ಲ. ಪಾಠಶಾಲೆಯ ಗಂಟೆ ಕೇಳಿದರೆ ಈಗಲೂ ಎದ್ದು ನಿಲ್ಲುವ ನನಗೆ ಆ ಮುದುಕಿಯರ ಮೇಜಿನ ಮುಂದೆ ಕೊಂಚ ಅಸೂಯೆಯಾಯಿತು; ವಾಚಕರು ನಗಬಹುದು.

ಬಳಿಕ ಶ್ಮಶಾನವನ್ನು ನೋಡಿದೆವು. ಒಂದೇ ಅಳತೆಯ ಗಿಡ್ಡ ಬಿಳಿಯ ಕಲ್ಲುಗಳು. ಹಿರಿಯನಿಗೂ ಕುರಿಗಾಹಿಗೂ ಭೇದವಿಲ್ಲ. ಮರಣದ ಕ್ರಮದಲ್ಲಿಯೇ ಹೂಳುವ ಪದ್ಧತಿಯಾದ್ದರಿಂದ, ಜೀವಮಾನವೆಲ್ಲ ಜೊತೆಗಿದ್ದ ದಂಪತಿಗಳೂ ಬೇರೆಬೇರೆ ಸಾಲುಗಳಲ್ಲಿ ಮಲಗಿದ್ದಾರೆ. ಇದು ಸಮತೆಯ ಪರಾಕಾಷ್ಠೆಯೆಂದು ನಾನು ವ್ಯಾಖ್ಯಾನಕ್ಕೆ ತೊಡಗಿದೆ. ನನ್ನಾಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದು ಕಲ್ಲಿನ ಮೇಲಣ ಹೆಸರನ್ನು ಓದಿಕೊಂಡು, ಅದೇ ಮನೆತನದ ಇನ್ನೊಂದನ್ನು ಸಾಲಿನಿಂದ ಸಾಲಿಗೆ ಹುಡುಕುತ್ತ ಹೊರಟಳು. ಸ್ವಲ್ಪ ಹೊತ್ತು ನೋಡಿ, ನಾನೂ ಆಚೆಯ ಸಾಲಿನಿಂದ ಹುಡುಕತೊಡಗಿದೆ.